ನಾಲ್ಕನೇ ಸೆಲ್ ಇನ್ನೂ ಕೆಂಪು

ಮಾರ್ಚ್ 3, ಸೋಮವಾರ

ತಂಗಿಯ ಬಲಭುಜವನ್ನು ಡಾಕ್ಟರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇನ್ನು ಮೇಲೆ ಭಾರ ತಳ್ಳಬೇಡಿ" ಅಂದರಂತೆ. ಭಾರ ಎಂದರೆ ನಾನು. ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡದೆ ಕಿಟಕಿ ನೋಡಿದಳು. ಸೌಜನ್ಯಕ್ಕೇನೂ ಕಡಿಮೆಯಿಲ್ಲ ನಮ್ಮ ಮನೆಯಲ್ಲಿ.

ನನ್ನ ಬೆನ್ನಿನ ಆಪರೇಷನ್ ಆಗಿ ಆರು ವರ್ಷ. ಮನೆಯೊಳಗೆ ವಾಕರ್ ಹಿಡಿದು ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಾಸಿಗೆಗೆ. ಹೊರಗೆ ಹೋಗಬೇಕಾದರೆ ಗಾಲಿಕುರ್ಚಿ. ಅದೂ ಬ್ಯಾಟರಿಯ ಕುರ್ಚಿ, ಗುಂಡಿ ಒತ್ತಿದರೆ ತನ್ನಷ್ಟಕ್ಕೆ ಹೋಗಬೇಕಾದ್ದು. ಹೋಗುತ್ತಿತ್ತು ಕೂಡ. ಆಮೇಲೆ ನಾನು ಚಾರ್ಜ್ ಹಾಕುವುದನ್ನು ಬಿಟ್ಟೆ. ಹದಿನಾಲ್ಕು ತಿಂಗಳಾಯಿತು. ಮರೆತೆ ಅಂತ ತಂಗಿಗೆ ಹೇಳಿದ್ದೇನೆ. ಮೂವತ್ತೊಂದು ವರ್ಷ ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡಿದವಳು, ಸೀಸದ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಏನಾಗುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದವಳು ಮರೆತೆ ಅಂದರೆ, ಅವಳು ನಂಬಿದಳು. ತಂಗಿಯರು ಇರಬೇಕಾದ್ದೇ ಹಾಗೆ.

ಹಿಂದಿನಿಂದ ಒಬ್ಬರು ತಳ್ಳುತ್ತಾ, ಮಾತಾಡುತ್ತಾ ಬಂದರೆ ದಾರಿ ಸಾಗಿದ್ದೇ ಗೊತ್ತಾಗುವುದಿಲ್ಲ. ಮೋಟರು ಏನು ಮಾತಾಡುತ್ತದೆ.

ಮಾರ್ಚ್ 4, ಮಂಗಳವಾರ

ತಂಗಿ ಎಡಗೈಯಲ್ಲೇ ಕುರ್ಚಿಯನ್ನು ವರಾಂಡಕ್ಕೆ ಎಳೆದು, ಸೀಟೆತ್ತಿ, ಚಾರ್ಜರ್ ಸಿಕ್ಕಿಸಿದಳು. ಚಾರ್ಜರು ಕೆಂಪು ದೀಪ ತೋರಿಸಿ ಸುಮ್ಮನಾಯಿತು. ಇನ್ನೊಮ್ಮೆ ಸಿಕ್ಕಿಸಿದಳು, ಮತ್ತೆ ಕೆಂಪು. ಬ್ಯಾಟರಿ ಅಷ್ಟು ಕೆಳಗಿಳಿದಿದ್ದರೆ ಈ ಹೊಸಕಾಲದ ಚಾರ್ಜರುಗಳು ಅದನ್ನು ಬ್ಯಾಟರಿ ಎಂದೇ ಒಪ್ಪುವುದಿಲ್ಲ. ನನಗೆ ಗೊತ್ತಿತ್ತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಂಗಡಿಗೆ ಫೋನ್ ಮಾಡಿದಳು. ಈ ಅಳತೆಯದು ಈಗ ಬರುತ್ತಿಲ್ಲ, ಬರೆಸಿಟ್ಟರೆ ಎರಡು ಮೂರು ತಿಂಗಳು, ಬಂದರೆ ಬಂತು ಅಂದರಂತೆ. ನಾನು ಬಹಳ ಬೇಸರಪಟ್ಟುಕೊಂಡ ಮುಖ ಮಾಡಿದೆ.

ಮಾರ್ಚ್ 6, ಗುರುವಾರ

ತಂಗಿ ಲೈಬ್ರರಿಯ ಕೌಂಟರಿನಲ್ಲಿ ಕೂರುತ್ತಾಳೆ, ಹತ್ತರಿಂದ ನಾಲ್ಕೂವರೆ. ಅಲ್ಲಿಗೆ ಬರುವ ಒಬ್ಬ ಮಹಾನುಭಾವ ಇದ್ದಾನಂತೆ, ಪುಸ್ತಕವನ್ನು ತಾರೀಖಿಗೆ ಮುಂಚೆಯೇ ವಾಪಸ್ ಕೊಡುವ ಒಬ್ಬನೇ ಮನುಷ್ಯ. ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ರೂಮು ನೋಡಿಕೊಳ್ಳುತ್ತಿದ್ದು ರಿಟೈರಾದವನು. ಹೆಂಡತಿ ಹೋಗಿ ಒಂಬತ್ತು ವರ್ಷ. ಇಷ್ಟು ಜಾತಕ ಅವಳಿಗೆ ಕೌಂಟರಿನಲ್ಲಿ ಕೂತೇ ಸಿಕ್ಕಿದೆ.

ಸಂಜೆ ಆರಕ್ಕೆ ಕರೆದುಕೊಂಡು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೇ ಐದು ನಿಮಿಷ. ಎಡದ್ದು ಬಿಟ್ಟು, ಯೋಚಿಸಿ, ಬಲದ್ದು ಬಿಟ್ಟು, ಎರಡನ್ನೂ ಗೋಡೆಗೆ ನೇರ ಮಾಡಿದ. ಬ್ಯಾಟರಿಯ ಆರು ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ಒಂದೊಂದೇ ಸೆಲ್ಲಿನೊಳಗೆ ಇಣುಕಿದ. ನಮ್ಮ ಕಣ್ಣಿನ ಡಾಕ್ಟರು ನನ್ನ ಕಣ್ಣನ್ನೂ ಇಷ್ಟು ಹೊತ್ತು ನೋಡಿಲ್ಲ.

"ಸತ್ತಿಲ್ಲ ಟೀಚರ್. ಉಪವಾಸ ಬಿದ್ದಿದೆ, ಅಷ್ಟೆ," ಅಂದ. "ನೀರು ಒಣಗಿ ಪ್ಲೇಟಿನ ಮೇಲೆ ಬಿಳೀದು ಗಟ್ಟಿಯಾಗಿ ಕೂತಿದೆ. ನಿಧಾನವಾಗಿ ಕರಗಿಸಬೇಕು."

"ಎಷ್ಟು ನಿಧಾನ?"

ಅವನು ಯೋಚಿಸಿದ. ಯೋಚಿಸುತ್ತಲೇ ಇದ್ದ. ತಂಗಿ ಒಳಗೆ ಹೋಗಿ ಟೀ ಮಾಡಿಕೊಂಡು ಬಂದಳು, ಅವನಿನ್ನೂ ಯೋಚಿಸುತ್ತಿದ್ದ. "ಒಂದು ವಾರ, ಹತ್ತು ದಿನ," ಅಂದ ಕೊನೆಗೆ.

ಇವನಿಗೆ ನಾನು ನಿಧಾನಪ್ಪ ಅಂತ ಹೆಸರಿಟ್ಟಿದ್ದೇನೆ.

ಮಾರ್ಚ್ 7, ಶುಕ್ರವಾರ

ನಿಧಾನಪ್ಪ ಬಂದ. ಡಿಸ್ಟಿಲ್ಡ್ ವಾಟರಿನ ಬಾಟಲಿ, ಸೂಜಿಯಿಲ್ಲದ ಸಿರಿಂಜ್, ಸ್ಕೂಟರಿನ ಒಂದು ಹಳೆ ಬ್ಯಾಟರಿ. ಮಗುವಿಗೆ ಔಷಧಿ ಹಾಕುವ ಹಾಗೆ ಆರು ಸೆಲ್ಲಿಗೂ ನೀರು ಹನಿಸಿದ. ಆಮೇಲೆ ಸ್ಕೂಟರಿನ ಬ್ಯಾಟರಿಯನ್ನು ಇದರ ಜೊತೆಗೆ ತಂತಿಯಲ್ಲಿ ಕಟ್ಟಿ ಚಾರ್ಜರ್ ಹಾಕಿದ. ಹಸಿರು ದೀಪ. ಪಕ್ಕದಲ್ಲಿ ಒಂದು ಜೀವಂತ ಬ್ಯಾಟರಿ ಕೂತಿದ್ದಕ್ಕೆ ಚಾರ್ಜರು ಏಮಾರಿತು. ಸ್ವಲ್ಪ ಹೊತ್ತು ಬಿಟ್ಟು ಸ್ಕೂಟರಿನದನ್ನು ಕಳಚಿದ, ಹಸಿರು ಹಾಗೇ ಉಳಿಯಿತು.

"ಪ್ಲಗ್ ಮಾತ್ರ ಯಾರೂ ತೆಗೀಬಾರದು," ಅಂದ. "ಹಗಲೂ ರಾತ್ರಿ ಹೋಗ್ತಾ ಇರಬೇಕು. ನಡುವೆ ಬಿಟ್ಟರೆ ಕರಗಿದ್ದು ಮತ್ತೆ ಕೂರುತ್ತೆ."

ತಂಗಿ ತಲೆಯಾಡಿಸಿದಳು. ನಾನೂ ಆಡಿಸಿದೆ.

ಮಾರ್ಚ್ 9, ಭಾನುವಾರ

ಗಾಜಿನ ಕೊಳವೆಯೊಳಗೆ ತೇಲುವ ಒಂದು ಕಡ್ಡಿ ಇದೆ ಅವನ ಹತ್ತಿರ, ಹೈಡ್ರೋಮೀಟರು. ಆಸಿಡ್ ಎಳೆದರೆ ಕಡ್ಡಿ ಕೆಂಪು ಪಟ್ಟೆಯಲ್ಲಿ ನಿಲ್ಲಬಹುದು, ಬಿಳಿಯಲ್ಲಿ ನಿಲ್ಲಬಹುದು, ಹಸಿರಲ್ಲಿ ನಿಂತರೆ ಆರೋಗ್ಯ. ಮೂರು ಸೆಲ್ ಆಗಲೇ ಬಿಳಿಗೆ ಬಂದಿವೆ. ಎರಡೇ ದಿನಕ್ಕೆ. ನಿಧಾನಪ್ಪ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ತಂಗಿ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು. ಬಲಗೈಯಲ್ಲಿ ಹಿಡಿದಿದ್ದಳು, ನೋವಿನ ಕೈಯಲ್ಲಿ. ಕೇಳಿದರೆ, "ಟಾರ್ಚೇನು ಭಾರವಾ ಅಕ್ಕ" ಅಂದಳು.

"ಕುರ್ಚಿ ಸರಿಹೋದ್ರೆ ನೀನು ನಿನ್ನಷ್ಟಕ್ಕೆ ಲೈಬ್ರರಿಗೇ ಬರಬಹುದು, ಪಾರ್ಕಿಗೆ ಹೋಗಬಹುದು, ನನ್ನ ದಾರಿ ಕಾಯೋದೇ ಬೇಡ," ಅಂತಲೂ ಅಂದಳು. ಎಷ್ಟು ಉತ್ಸಾಹ. ನನ್ನನ್ನು ಸ್ವತಂತ್ರಗೊಳಿಸುವ ಚಳವಳಿ ಶುರುವಾಗಿದೆ, ನನ್ನನ್ನೊಂದು ಮಾತು ಕೇಳದೆ.

ಮಾರ್ಚ್ 10, ಸೋಮವಾರ

ತಂಗಿ ಹೋದ ಮೇಲೆ ಚಾರ್ಜರಿನ ಗುಂಯ್ ಸದ್ದಿಗೆ ತಲೆ ನೋಯತೊಡಗಿತು. ವಾಕರ್ ಹಿಡಿದು ವರಾಂಡಕ್ಕೆ ಹೋದೆ. ನಡುಮನೆಯಲ್ಲಿ ಒಂದು ಸಲ, ಬಾಗಿಲಲ್ಲಿ ಒಂದು ಸಲ ನಿಂತು ಸುಧಾರಿಸಿಕೊಂಡೆ. ಪ್ಲಗ್ ಕಿತ್ತೆ. ನಾಲ್ಕೂಕಾಲಿಗೆ ಮತ್ತೆ ಹೋಗಿ ಹಾಕಿದೆ. ತಲೆನೋವು ಹೋಗಿತ್ತು.

ಮಾರ್ಚ್ 12, ಬುಧವಾರ

ತಲೆನೋವು ದಿನಾ ಬರುತ್ತಿದೆ.

ಆದರೂ ಸೆಲ್ಲುಗಳು ಏರುತ್ತಲೇ ಇವೆ. ಆರು ಗಂಟೆ ಕಿತ್ತಿಟ್ಟರೆ ಉಳಿದ ಹದಿನೆಂಟು ಗಂಟೆ ತುಂಬುತ್ತದಲ್ಲ. ಕುರ್ಚಿಯ ಮುಂದೆ ಒಂದು ಸಣ್ಣ ದೀಪವಿದೆ. ಪ್ಲಗ್ ಕಿತ್ತು ದೀಪ ಹಾಕಿಟ್ಟೆ. ತುಂಬಿದ್ದರಲ್ಲಿ ಮುಕ್ಕಾಲು ಹಾಗೇ ಸೋರಿಹೋಯಿತು. ಓದಿದ ವಿಜ್ಞಾನ ಯಾವತ್ತೂ ವ್ಯರ್ಥವಾಗುವುದಿಲ್ಲ ಅಂತ ಮಕ್ಕಳಿಗೆ ಹೇಳುತ್ತಿದ್ದೆ.

ಮಾರ್ಚ್ 14, ಶುಕ್ರವಾರ

ಬಿಳಿಗೆ ಬಂದಿದ್ದರಲ್ಲಿ ಎರಡು ಸೆಲ್ ಮತ್ತೆ ಕೆಂಪಿಗೆ ಇಳಿದಿವೆ. ನಾಲ್ಕನೆಯದಂತೂ ಕೆಂಪು ಬಿಟ್ಟು ಕದಲಿಲ್ಲ. ನಿಧಾನಪ್ಪ ನೋಟ್‌ಬುಕ್ ತಿರುವಿ ಹಾಕಿದ, ಪ್ಲಗ್ ಮುಟ್ಟಿ ನೋಡಿದ, ತಲೆ ಕೆರೆದುಕೊಂಡ. "ನಾಳೆಯಿಂದ ದಿನಾ ಬರ್ತೀನಿ," ಅಂದ.

ಇಲ್ಲಿಯವರೆಗೆ ದಿನ ಬಿಟ್ಟು ದಿನ ಬರುತ್ತಿದ್ದ.

ಮಾರ್ಚ್ 16, ಭಾನುವಾರ

ಭಾನುವಾರ ತಂಗಿ ಮನೆಯಲ್ಲಿರುವುದರಿಂದ ನನಗೆ ತಲೆನೋವಿಲ್ಲ.

ನಿಧಾನಪ್ಪ ನಾಲ್ಕಕ್ಕೇ ಬಂದ. ಒಂದೂವರೆ ಗಂಟೆ ಇದ್ದ. ಬ್ಯಾಟರಿ ನೋಡಿದ್ದು ಹತ್ತು ನಿಮಿಷ. ಎಕ್ಸ್‌ಚೇಂಜಿನಲ್ಲಿ ಒಂದು ರೂಮಿನ ತುಂಬ ಬ್ಯಾಟರಿ ಇದ್ದವಂತೆ, ಊರಿಗೆಲ್ಲ ಕರೆಂಟು ಹೋದರೂ ಫೋನು ಹೋಗಬಾರದು ಅಂತ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಫೋನು ಹೋಗಲಿಲ್ಲವಂತೆ. "ಹಾಗಾಗಿ ಅಲ್ಲಿ ಒಬ್ಬ ಇದ್ದಾನೆ ಅಂತ ಯಾರಿಗೂ ಗೊತ್ತಾಗಲೇ ಇಲ್ಲ," ಅಂದ. ಅದೇನು ಅಂಥಾ ತಮಾಷೆಯ ಮಾತು ಅಂತ ನನಗೆ ಗೊತ್ತಾಗಲಿಲ್ಲ. ತಂಗಿ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಐವತ್ತಾರು ವರ್ಷ ಅವಳಿಗೆ.

ಮಾರ್ಚ್ 19, ಬುಧವಾರ

ಇವತ್ತು ಪ್ಲಗ್ ಕೀಳಲು ಹೋಗುವಾಗ ಎಲ್ಲೂ ನಿಲ್ಲಲಿಲ್ಲ. ಕಿತ್ತು, ದೀಪ ಹಾಕಿ, ಹಾಗೇ ಗೇಟಿನವರೆಗೂ ಹೋಗಿ ಬೀದಿ ನೋಡಿ ಬಂದೆ. ಎದುರುಮನೆಯಾಕೆ ಬಟ್ಟೆ ಹರವುತ್ತಿದ್ದವಳು ಭೂತ ಕಂಡ ಹಾಗೆ ನಿಂತಳು. ಅವಳಿಗೆ ಬೇರೆ ಕೆಲಸವಿಲ್ಲ.

ಸಂಜೆ ನಿಧಾನಪ್ಪ ತಂಗಿಯ ಭುಜಕ್ಕೆ ಒಂದು ವ್ಯಾಯಾಮ ಹೇಳಿಕೊಟ್ಟ, ಗೋಡೆಯ ಮೇಲೆ ಬೆರಳು ನಡೆಸಿಕೊಂಡು ಮೇಲೇರಿಸುವುದು. ಇಬ್ಬರೂ ಪಕ್ಕಪಕ್ಕ ನಿಂತು ಗೋಡೆ ಹತ್ತುತ್ತಿದ್ದರು. ನನ್ನ ಟೀ ಆರಿಹೋಯಿತು. ಯಾರಿಗೆ ಬೇಕು.

ಮಾರ್ಚ್ 22, ಶನಿವಾರ

ಲೆಕ್ಕ ಹಾಕಿ ನೋಡಿದೆ. ನಾನು ಸುಮ್ಮನಿದ್ದಿದ್ದರೆ ಬ್ಯಾಟರಿ ಹದಿನೈದನೇ ತಾರೀಖಿಗೇ ಎದ್ದು ಕೂರುತ್ತಿತ್ತು. ನಿಧಾನಪ್ಪ ಸಿರಿಂಜ್ ಎತ್ತಿಕೊಂಡು, ಚಪ್ಪಲಿ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಂಡು, ತೊಲಗುತ್ತಿದ್ದ. ನಾನು ಅದನ್ನು ಮಲಗಿಸಿದಷ್ಟೂ ಅವನು ದಿನಾ ಬರುತ್ತಾನೆ. ಅಂದರೆ ಈ ಇಬ್ಬರನ್ನೂ ಸಂಜೆ ಸಂಜೆ ಎದುರುಬದುರು ಕೂರಿಸಿ ಟೀ ಕುಡಿಸುತ್ತಿರುವ ಮಹಾತಾಯಿ ನಾನೇ.

ಹೀಗೆ ತಮ್ಮ ಕಾಲಿಗೆ ತಾವೇ ಹಗ್ಗ ಕಟ್ಟಿಕೊಳ್ಳುವವರನ್ನು ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹಾಗಂತ ಪ್ಲಗ್ ಬಿಟ್ಟರೆ ಬ್ಯಾಟರಿ ಸರಿಹೋಗುತ್ತದೆ. ಸರಿಹೋದರೆ ಅವಳಿಗೆ ನಾನು ಬೇಡ. ಬೇಡ ಅಂದರೆ, ನನ್ನನ್ನು ತಳ್ಳಲೆಂದು ಅವಳು ಈ ಮನೆಯಲ್ಲೇ ಇರಬೇಕಾಗಿಲ್ಲ. ಮೊದಲು ಅಮ್ಮ ಹಾಸಿಗೆ ಹಿಡಿದಳು, ಆಮೇಲೆ ನಾನು. ಅದಕ್ಕೇ ಅವಳು ಎಲ್ಲೂ ಹೋಗಲಿಲ್ಲ. ಈಗ ಹೋದರೆ ಈ ಮನೆಯಲ್ಲಿ ನಾನು ಯಾರ ಹತ್ತಿರ ಮಾತಾಡಲಿ. ನನಗೆ ಹೆದರಿಕೆಯಾಗುತ್ತದೆ. ಬರೆದಿಟ್ಟೆ, ಓದುವವರು ಯಾರೂ ಇಲ್ಲವಲ್ಲ.

ಮಾರ್ಚ್ 25, ಮಂಗಳವಾರ

ಕಿತ್ತೆ. ಹಾಕಿದೆ. ನಾಲ್ಕನೇ ಸೆಲ್ ಇನ್ನೂ ಕೆಂಪು.

ತಂಗಿ ಹೊಸ ರವಿಕೆ ಹಾಕಿಕೊಂಡಿದ್ದಳು. ಲೈಬ್ರರಿಯಲ್ಲಿ ಸ್ಟಾಕ್ ನೋಡಲು ಬರುತ್ತಾರೆ ಅಂದಳು. ಆರು ಗಂಟೆಗೂ ಅದೇ ರವಿಕೆ.

"ಸ್ಟಾಕ್ ನೋಡೋರು ಮನೆಗೂ ಬರ್ತಾರೇನೆ?" ಅಂದೆ.

"ಅಕ್ಕ, ನಿನ್ನ ನಾಲಿಗೆಗೆ ಮಾತ್ರ ಚಾರ್ಜ್ ಹಾಕೋದೇ ಬೇಡ ನೋಡು," ಅಂದಳು. ನಿಧಾನಪ್ಪ ನಗಬೇಕೋ ಬೇಡವೋ ಅಂತ ಯೋಚಿಸಿ ನಗುವಷ್ಟರಲ್ಲಿ ನಾವು ಬೇರೆ ಮಾತಿಗೆ ಹೋಗಿದ್ದೆವು.

ಮಾರ್ಚ್ 27, ಗುರುವಾರ

ಇವತ್ತು ಅವನು ಬರಲಿಲ್ಲ. ಏಳಾದರೂ ಬರಲಿಲ್ಲ. ಕೇಳಿದ್ದಕ್ಕೆ ತಂಗಿ ಬಟ್ಟೆ ಮಡಚುತ್ತಲೇ ಹೇಳಿದಳು.

"ಲೈಬ್ರರಿಗೆ ಬಂದಿದ್ರು. ಉಳಿದ ದಿನಗಳನ್ನ ಜೊತೆಗೆ ಕಳೆಯೋಣವಾ ಅಂತ ಕೇಳಿದ್ರು."

"ನೀನೇನಂದೆ?"

"ಅಕ್ಕನ ಕುರ್ಚಿ ಓಡ್ತಾ ಇದ್ದಿದ್ರೆ ಯೋಚನೆ ಮಾಡ್ತಿದ್ದೆ ಅಂದೆ. ಮೂರು ವಾರ ಆಯ್ತಲ್ಲ. ಅದು ಆಗಲ್ಲ ಬಿಡು. ಸುಮ್ನೆ ಆಸೆ ಇಟ್ಕೊಂಡು ದಿನಾ ಬಂದು ಕೂರೋದು ಚೆನ್ನಾಗಿರಲ್ಲ, ಇನ್ನು ಬರಬೇಡಿ ಅಂದೆ."

"ಅವನು?"

"ಸರಿ ಅಂದ್ರು. ಮೂರು ಪುಸ್ತಕ ವಾಪಸ್ ಕೊಟ್ರು. ಹೊಸದು ತಗೊಳ್ಳಲಿಲ್ಲ."

ದಿಂಬಿನ ಕವರನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ನಾಲ್ಕು ಮಡಿಕೆ ಮಾಡಿದಳು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಟೀ ಜೊತೆ ಎರಡು ಬಿಸ್ಕತ್ತು ಹೆಚ್ಚು ತಿಂದೆ.

ಮಾರ್ಚ್ 28, ಶುಕ್ರವಾರ

ಏನಿಲ್ಲ.

ಮಾರ್ಚ್ 29, ಶನಿವಾರ

ಸಂಜೆ ತಂಗಿ, "ನಡಿ ಅಕ್ಕ, ಒಂದು ಸುತ್ತು ಹೋಗಿ ಬರೋಣ" ಅಂದಳು. ಬೇಡ ಅಂದೆ, ಡಾಕ್ಟರ ಮಾತು ನೆನಪಿಸಿದೆ. "ಎಡಗೈಯಲ್ಲಿ ತಳ್ತೀನಿ ಬಿಡು, ಇನ್ನು ಯಾವಾಗಲೂ ಹೀಗೇ ಅಲ್ವಾ," ಅಂದಳು. ಚಾರ್ಜರ್ ಬಿಚ್ಚಿ, ಸೀಟು ಮುಚ್ಚಿ ನನ್ನನ್ನು ಕೂರಿಸಿದಳು.

ಪಾರ್ಕಿನ ತಿರುವಿನವರೆಗೂ ಹಿಂದಿನಿಂದ ಒಂದು ಮಾತಿಲ್ಲ. ಏರಿನಲ್ಲಿ ಕುರ್ಚಿ ನಿಂತಿತು. ಏನೇ ಅಂದೆ. "ಒಂದ್ನಿಮಿಷ" ಅಂದಳು. ಅವಳು ಉಸಿರೆಳೆದುಕೊಳ್ಳುವುದು ನನ್ನ ಕಿವಿಯ ಹಿಂದೆಯೇ ಕೇಳುತ್ತಿತ್ತು. ನಾನು ಆ ಮರ, ಈ ಅಂಗಡಿ ಅಂತ ಏನೇನೋ ತೋರಿಸಿದೆ. ಹೂಂ ಅಂದಳು, ಹೂಂ ಅಂದಳು.

ಮನೆಗೆ ಬಂದು ಭುಜಕ್ಕೆ ಎಡಗೈಯಲ್ಲೇ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಕೈ ಎಟುಕುತ್ತಿರಲಿಲ್ಲ. ಕೊಡೆ ಇಲ್ಲಿ ಅಂತ ನಾನೇ ಹಚ್ಚಿದೆ. ಮೂಳೆಯ ಹತ್ತಿರ ಊದಿಕೊಂಡಿದೆ. ನಾನು ಎಂಥಾ ನೀಚ ಹೆಂಗಸು.

ಚಾರ್ಜರ್ ಹಾಕಿ ಮಲಗು ಅಂದೆ. "ಯಾಕೆ, ದಂಡ," ಅಂದಳು. ಆದರೂ ಹಾಕಿದಳು.

ಮಾರ್ಚ್ 31, ಸೋಮವಾರ

ತಂಗಿ ಹೋದಳು. ನಾನು ವರಾಂಡಕ್ಕೆ ಹೋದೆ. ಪ್ಲಗ್ ನೋಡಿದೆ. ಕೀಳಲಿಲ್ಲ. ಹತ್ತೂವರೆಯಿಂದ ಅದರ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತೆ, ಬೇರೆ ಯಾರೋ ಬಂದು ಕಿತ್ತುಬಿಡುತ್ತಾರೇನೋ ಎಂಬ ಹಾಗೆ. ಗುಂಯ್ ಸದ್ದು ಅಷ್ಟೇನೂ ಇಲ್ಲ. ಜೀರುಂಡೆಯಷ್ಟೂ ಇಲ್ಲ.

ನಿಧಾನಪ್ಪನವರು ಹೈಡ್ರೋಮೀಟರನ್ನೂ ನೀರಿನ ಬಾಟಲಿಯನ್ನೂ ಇಲ್ಲೇ ಬಿಟ್ಟುಹೋಗಿದ್ದಾರೆ. ನಾನೇ ನೀರು ಹನಿಸಿದೆ. ಹೈಡ್ರೋಮೀಟರಿನಿಂದ ಎರಡು ಹನಿ ಆಸಿಡ್ ಸೀರೆಗೆ ಸಿಡಿದು ತೂತಾಯಿತು. ಅವರು ಒಂದು ದಿನವೂ ಒಂದು ಹನಿಯನ್ನೂ ಆಚೆ ಚೆಲ್ಲಿದವರಲ್ಲ. ಆ ನಿಧಾನಕ್ಕೆ ಕಾರಣ ಇತ್ತು ಅನ್ನಿಸುತ್ತದೆ.

ಒಂದು ಬಿಳಿ, ಎರಡು ಬಿಳಿ, ಮೂರು ಬಿಳಿ, ನಾಲ್ಕು ಕೆಂಪು, ಐದು ಬಿಳಿ, ಆರು ಬಿಳಿ.

ಏಪ್ರಿಲ್ 2, ಬುಧವಾರ

ಐದು ಹಸಿರು. ನಾಲ್ಕನೆಯದು ಕೆಂಪಿನ ಅಂಚಿನಲ್ಲಿ ನಿಂತು ಮೇಲೆ ಹತ್ತಲೋ ಬೇಡವೋ ಅನ್ನುತ್ತಿದೆ. ಹತ್ತು ಮಾರಾಯ.

ಏಪ್ರಿಲ್ 3, ಗುರುವಾರ

ನಾಲ್ಕನೆಯದು ಬಿಳಿ. ಬಿಳಿಯೇ. ಮೂರು ಸಲ ಎಳೆದು ನೋಡಿದೆ.

ತಂಗಿಗೆ ಹೇಳಲಿಲ್ಲ. ಹೇಳಬೇಕಾದ್ದು ಬೇರೆಯೂ ಇದೆ, ಅದನ್ನು ಮೊದಲು ಬೇರೊಬ್ಬರಿಗೆ ಹೇಳಬೇಕು.

ಏಪ್ರಿಲ್ 4, ಶುಕ್ರವಾರ

ನಾಲ್ಕೂಕಾಲಿಗೆ ಹೊರಟೆ. ವರಾಂಡದ ಇಳಿಜಾರಿನಲ್ಲಿ ಗುಂಡಿ ಒತ್ತಿದೆ. ಕುರ್ಚಿ ಒಮ್ಮೆ ಜಗ್ಗಿ, ಗೊಣಗಿ, ಹೊರಟಿತು. ಎದುರುಮನೆಯಾಕೆ ಬಕೆಟ್ ಕೆಳಗಿಟ್ಟಳು.

ನಿಧಾನಪ್ಪನವರ ಮನೆ ಮೂರು ಬೀದಿ ಆಚೆ, ಔಷಧಿ ಅಂಗಡಿಯ ಮೇಲೆ ಅಂತ ತಂಗಿ ಒಮ್ಮೆ ಹೇಳಿದ್ದಳು. ಹೋಗಿ ನೋಡಿದರೆ ಮೆಟ್ಟಿಲು. ಇದು ನನ್ನ ಬುದ್ಧಿಗೆ ಹೊಳೆದೇ ಇರಲಿಲ್ಲ. ಕೂಗೋಣವೆಂದರೆ ಹೆಸರು ಗೊತ್ತಿಲ್ಲ. ಮೂರು ವಾರ ಮನೆಗೆ ಬಂದ ಮನುಷ್ಯನ ಹೆಸರನ್ನು ನಾನು ಕೇಳಿಲ್ಲ, ನಾನಿಟ್ಟದ್ದೇ ಸಾಕಾಗಿತ್ತು. ಬೇರೆ ದಾರಿಯಿಲ್ಲದೆ ಕುರ್ಚಿಯ ಹಾರ್ನ್ ಒತ್ತಿದೆ. ಔಷಧಿ ಅಂಗಡಿಯವನು ಹೊರಗೆ ಬಂದ, ಗಿರಾಕಿಗಳು ಬಂದರು, ಕೊನೆಗೆ ಮೇಲಿನ ಕಿಟಕಿ ತೆರೆಯಿತು.

ಇಳಿದು ಬರುವುದಕ್ಕೆ ಅವರು ಐದು ನಿಮಿಷ ತೆಗೆದುಕೊಳ್ಳಲಿಲ್ಲ. ಚಪ್ಪಲಿ ಇಲ್ಲದೆ ಬಂದರು. ಮೊದಲು ಕುರ್ಚಿ ನೋಡಿದರು, ಆಮೇಲೆ ನನ್ನನ್ನು.

"ಓಡ್ತು," ಅಂದರು.

"ಓಡ್ತು. ನಾನು ಪ್ಲಗ್ ಕೀಳೋದು ಬಿಟ್ಟೆ, ಓಡ್ತು. ದಿನಾ ಕೀಳ್ತಿದ್ದವಳು ನಾನೇ."

"ಗೊತ್ತು ಟೀಚರ್."

ಮೂವತ್ತೊಂದು ವರ್ಷದಲ್ಲಿ ಒಬ್ಬ ಹುಡುಗನೂ ನನ್ನ ಬಾಯಿ ಹೀಗೆ ಮುಚ್ಚಿಸಿರಲಿಲ್ಲ. ಯಾವಾಗಿಂದ ಗೊತ್ತು ಅಂತ ಕೇಳಿದೆ.

"ಎರಡನೇ ವಾರದಿಂದ. ನಾನು ಪ್ಲಗ್ ಹಾಕಿದ್ರೆ ವೈರು ಎಡಕ್ಕೆ ಬರುತ್ತೆ. ಬಂದು ನೋಡಿದ್ರೆ ಬಲಕ್ಕಿರ್ತಿತ್ತು. ಭಾನುವಾರ ಮಾತ್ರ ಎಡಕ್ಕೇ."

"ದೀಪ ಹಾಕಿಡ್ತಿದ್ದದ್ದು?"

"ಅದು ಗೊತ್ತಾಗಲಿಲ್ಲ." ಸ್ವಲ್ಪ ಯೋಚಿಸಿದರು. "ಅದು ಒಳ್ಳೇ ಉಪಾಯ."

"ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ನಾಲ್ಕು ದಿನದಲ್ಲಿ ಸರಿಹೋಗಿಬಿಡ್ತಿತ್ತಲ್ಲ," ಅಂದರು. "ಆಮೇಲೆ ನಾನು ಏನಂತ ಬರಲಿ."

ನನಗೆ ನಗು ಬಂತು, ನಗಲಿಲ್ಲ. ಬೀದಿಯಲ್ಲಿ ಇಬ್ಬರು ಮುದಿ ಕಳ್ಳರು ಎದುರುಬದುರಾಗಿದ್ದೆವು. ಈ ಕಡೆ ನಾನು, ಆ ಕಡೆ ಅವರು, ನಡುವೆ ಆ ಹುಡುಗಿ ಮೂರು ವಾರ ಟಾರ್ಚ್ ಹಿಡಿದು ನಿಂತಿದ್ದಳು, ಬ್ಯಾಟರಿ ನಿಜವಾಗಿಯೂ ಕೆಟ್ಟಿದೆ ಅಂದುಕೊಂಡು. ಅದನ್ನು ನಂಬಿಯೇ ಆಗಲ್ಲ ಅಂದಳು.

"ನಿಮ್ಮ ಪಾಲಿಂದು ನೀವೇ ಹೇಳಿಕೊಳ್ಳಿ," ಅಂದೆ. "ನನ್ನ ಪಾಲಿಂದು ಈಗಲೇ ಹೋಗಿ ಹೇಳ್ತೀನಿ. ಆರಕ್ಕೆ ಮನೆಗೆ ಬನ್ನಿ. ಸಿರಿಂಜ್ ತರಬೇಡಿ."

ವಾಪಸ್ ಬರುವಾಗ ಪಾರ್ಕಿನ ತಿರುವಿನಲ್ಲಿ ತಂಗಿ ಎದುರಾದಳು. ಓಡಿ ಬರುತ್ತಿದ್ದಳು. ಮನೆಗೆ ಬಂದು ನೋಡಿದರೆ ವರಾಂಡ ಖಾಲಿ, ನಾನಿಲ್ಲ. ಎದುರುಮನೆಯಾಕೆ ಏನು ವರದಿ ಕೊಟ್ಟಳೋ. ನನ್ನನ್ನು ನೋಡಿ ನಿಂತವಳು ಬಯ್ಯಲು ಬಾಯಿ ತೆರೆದು, ಕುರ್ಚಿಯ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಹಾಗೇ ಮುಚ್ಚಿದಳು.

"ಬ್ಯಾಟರಿ ಕೆಟ್ಟಿರಲಿಲ್ಲ ಕಣೆ," ಅಂದೆ. "ನೀನು ಲೈಬ್ರರಿಗೆ ಹೋದಮೇಲೆ ದಿನಾ ಪ್ಲಗ್ ಕೀಳ್ತಿದ್ದೆ. ನೀನು ಬಿಟ್ಟುಹೋಗ್ತೀಯ ಅಂತ."

ಅವಳು ನನ್ನನ್ನೇ ನೋಡಿದಳು.

"ಅದಕ್ಕೂ ಮುಂಚೆ? ಚಾರ್ಜ್ ಹಾಕೋಕೆ ಮರೆತೆ ಅಂದಿದ್ದೆಯಲ್ಲ. ಹದಿನಾಲ್ಕು ತಿಂಗಳೂ?"

"ಹದಿನಾಲ್ಕು ತಿಂಗಳೂ."

ಬಯ್ಯುತ್ತಾಳೆ ಅಂದುಕೊಂಡೆ. ಅಳುತ್ತಾಳೆ ಅಂದುಕೊಂಡೆ. ಎರಡಕ್ಕೂ ಉತ್ತರ ಇಟ್ಟುಕೊಂಡಿದ್ದೆ. ಅವಳು ಕೇಳಿದ್ದು ಒಂದೇ, "ಅವರಿಗೆ ಗೊತ್ತಾ?"

"ಅವರ ಮನೆಯಿಂದಲೇ ಬರ್ತಿದ್ದೀನಿ. ಆರಕ್ಕೆ ಬರ್ತಾರೆ."

ಕೈಗಡಿಯಾರ ನೋಡಿಕೊಂಡಳು. ತಿರುಗಿದಳು. ಕುರ್ಚಿಯ ಹಿಂದಕ್ಕೆ ಬರಲಿಲ್ಲ, ನನಗಾಗಿ ನಿಲ್ಲಲೂ ಇಲ್ಲ. ಮನೆಯ ಕಡೆ ಹೊರಟೇಬಿಟ್ಟಳು.

ಹದಿನಾಲ್ಕು ತಿಂಗಳಿಂದ ಹೊರಗೆ ಹೋದಾಗಲೆಲ್ಲ ಅವಳು ನನ್ನ ಬೆನ್ನ ಹಿಂದೆ. ಅವಳು ನಡೆಯುವುದನ್ನು ನಾನು ನೋಡಿಯೇ ಇರಲಿಲ್ಲ. ಹಿಂದೆ ಕೂದಲೆಲ್ಲ ಬೆಳ್ಳಗಾಗಿದೆ. ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗೆ ಬಿದ್ದಿದೆ. ಆದರೂ ಎಷ್ಟು ಬೇಗ ನಡೆಯುತ್ತಾಳೆ. ಗುಂಡಿಯನ್ನು ಕೊನೆಯವರೆಗೂ ಒತ್ತಿ ಹಿಡಿದೆ, ಅವಳ ಸಮಕ್ಕೆ ಹೋಗಲು ಆಗಲಿಲ್ಲ.